ಕುಂಕುಮ ಕೊಟ್ಟು ಕರೆದ ಸಿನಿಮಾ

ನನ್ನ ಮೊದಲ ಸಿನಿಮಾ ನೋಡಿದವರು ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ ಕೇಳುತ್ತಾರೆ. “ಆ ಮದುವೆ ಸೀನಿಗೆ ಅಷ್ಟು ಜನಾನ ಎಲ್ಲಿಂದ ತಂದ್ರಿ? ಒಬ್ರೂ ಆಕ್ಟ್ ಮಾಡ್ದಂಗೆ ಕಾಣಲ್ಲ.” ಆಕ್ಟ್ ಮಾಡಿದ್ದರಲ್ಲವೇ ಕಾಣೋದು! ಅವರೆಲ್ಲ ಮದುವೆಗೇ ಬಂದಿದ್ದರು. ಕರೆದವಳು ನಾನೇ, ಮನೆಮನೆಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ ಕರೆದಿದ್ದೆ. ನನ್ನ ಸಿನಿಮಾ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಆ ತಪ್ಪು ಮಾಡದೆ ಇದ್ದಿದ್ದರೆ ನನಗೆ ಸಿಗಬೇಕಾದ್ದು ಸಿಗುತ್ತಲೂ ಇರಲಿಲ್ಲ.

ನಮ್ಮ ಕಡೆ ನನಗಿಂತ ಮೊದಲು ಸಿನಿಮಾ ತೆಗೆದ ಹೆಂಗಸು ಇಲ್ಲವಂತೆ. ಸನ್ಮಾನಕ್ಕೆ ಕರೆದಲ್ಲೆಲ್ಲ ಹಾಗೆ ಹೇಳಿ ಶಾಲು ಹೊದಿಸುತ್ತಾರೆ. ನಾನು ಶಾಲು ಹೊದ್ದುಕೊಂಡು, ವೇದಿಕೆ ಮೇಲಿಂದ ಸಭೆಯ ಕುರ್ಚಿಗಳು ನಮ್ಮವೋ ಬೇರೆಯವರವೋ ಅಂತ ನೋಡುತ್ತಾ ಕೂತಿರುತ್ತೇನೆ. ಹುಟ್ಟುಗುಣ ಅಲ್ಲ, ಕಸುಬಿನ ಗುಣ. ನಿಟ್ಟುವಳ್ಳಿಯಲ್ಲಿ ನಮ್ಮದು ಶಾಮಿಯಾನ ಅಂಗಡಿ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಮಂಟಪದ ಅಲಂಕಾರ, ಎಲ್ಲ ಬಾಡಿಗೆಗೆ. ಲೋಕಿಕೆರೆಯಿಂದ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕಂಡಷ್ಟು ಮದುವೆ ಪುರೋಹಿತರೂ ಕಂಡಿರಲಿಕ್ಕಿಲ್ಲ. ಮಂಟಪ ಕಟ್ಟುವ ನಮ್ಮ ಮೇಸ್ತ್ರಿಗೆ ನಾವೆಲ್ಲ ಚಾಚಾ ಅನ್ನುತ್ತೇವೆ. ನನ್ನ ಮಾವನ ಕಾಲದಿಂದ ಇದ್ದಾರೆ. ನನಗೆ ಸಿಟ್ಟು ಮೂಗಿನ ತುದೀಲಿ. ನನ್ನ ಬೈಗುಳಕ್ಕೆ ಹೆದರದವರು ಅಂಗಡಿಯಲ್ಲಿ ಚಾಚಾ ಒಬ್ಬರೇ.

ಒಂದು ಸಲ ಬೆಂಗಳೂರಿನಿಂದ ಸಿನಿಮಾದವರು ಹರಿಹರದ ಹೊಳೆ ದಂಡೆಯಲ್ಲಿ ಶೂಟಿಂಗ್ ಮಾಡಲು ಬಂದರು. ಶಾಮಿಯಾನ, ಕುರ್ಚಿ, ಊಟ ಎಲ್ಲ ನಮ್ಮದು. ಅಡುಗೆಭಟ್ಟರಿಗೆ ಜ್ವರ ಬಂದಿದ್ದರಿಂದ ಮೂರು ದಿನ ನಾನೇ ಹೋಗಿ ನಿಂತೆ. ನಿರ್ಮಾಪಕ ಅನ್ನಿಸಿಕೊಂಡಾತ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದ. ಏನು ಮಾಡ್ತಾನಪ್ಪ ಈತ ಅಂತ ಗಮನ ಇಟ್ಟು ನೋಡಿದೆ. ತಿಂಡಿ ಬಂತಾ, ಜನರೇಟರ್ ಬಂತಾ, ಯಾರು ಇನ್ನೂ ಬಂದಿಲ್ಲ, ಯಾರು ಮುನಿಸಿಕೊಂಡು ಕಾರಿನಲ್ಲಿ ಕೂತಿದ್ದಾರೆ, ಅವರನ್ನು ರಮಿಸೋರು ಯಾರು. ಇಷ್ಟೇನಾ! ಇದನ್ನ ನಾನು ಇಷ್ಟು ವರ್ಷದಿಂದ ವಾರಕ್ಕೆರಡು ಸಲ ಮಾಡ್ತಾ ಇದೀನಲ್ಲ ಅನ್ನಿಸಿತು. ನಮ್ಮ ಮದುವೆಗಳಲ್ಲಿ ಬೀಗರು ಮುನಿಸಿಕೊಳ್ತಾರೆ, ಇಲ್ಲಿ ಹೀರೋ. ಅಷ್ಟೇ ಫರಕು.

ಆ ತಂಡದಲ್ಲಿ ಹರಿಹರದವನೇ ಒಬ್ಬ ಸಹಾಯಕ ನಿರ್ದೇಶಕ ಇದ್ದ. ಮೂವತ್ತು ದಾಟಿದ, ಸಣಕಲು, ದಪ್ಪ ಕನ್ನಡಕದ ಮನುಷ್ಯ. ಮೂರನೇ ದಿನ ಊಟಕ್ಕೆ ಕೂತವನು, “ನಾನೂ ಒಂದು ಸಿನಿಮಾ ಮಾಡ್ಬೇಕು ಅಕ್ಕ, ಆದ್ರೆ ನಂಬಿ ನಿಲ್ಲೋರಿಲ್ಲ, ಕಥೇನೂ ಸಿಕ್ತಿಲ್ಲ” ಅಂದ.

“ಕಥೆ ನನ್ನ ಹತ್ರ ಐತೆ. ಸಾರು ಹಾಕ್ಲಾ?” ಅಂದೆ.

ಆ ಕಥೆಯನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಮದುವೆಯ ಬೆಳಗ್ಗೆ ಅವ್ವ ನನ್ನ ಜಡೆಗೆ ಹೂವಿನ ದಂಡೆ ಕಟ್ಟುತ್ತಿದ್ದಳು. ನನಗೆ ಹತ್ತೊಂಬತ್ತು. ಎರಡನೇ ವರ್ಷದ ಬಿ.ಕಾಂ. ಪರೀಕ್ಷೆಗೆ ಒಂದು ತಿಂಗಳಿತ್ತು. “ಅವ್ವ, ನನಗೆ ಈಗ್ಲೇ ಬ್ಯಾಡ. ಓದು ಮುಗಿಸ್ತೀನಿ” ಅಂದೆ. ಅವ್ವ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡೇ, “ಸುಮ್ಕೆ ಕೂಡು. ಜನ ಬಂದಾರೆ” ಅಂದಳು. ನಾನು ಕೂತೆ. ಹೊರಗೆ ವಾಲಗ ಶುರುವಾಯಿತು.

ನನ್ನ ಗಂಡ ಒಳ್ಳೆಯ ಮನುಷ್ಯ, ಅದನ್ನ ಇಲ್ಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಆಮೇಲೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂರುತ್ತಾರೆ. ನನ್ನನ್ನು ಅಂಗಡಿಗೆ ಒಡತಿ ಮಾಡಿದವರು ಅವರು, ಸಿನಿಮಾ ಮಾಡ್ತೀನಿ ಅಂದಾಗ “ಮಾಡು, ಕುರ್ಚಿ ಅಂತೂ ನಮ್ಮವೇ ಅದಾವೆ” ಅಂದವರೂ ಅವರೇ. ಆದರೆ ಒಳ್ಳೆಯವರು ಸಿಕ್ಕಿದ್ದು ನನ್ನ ಅದೃಷ್ಟ. ನನ್ನನ್ನು ಯಾರೂ ಕೇಳಲಿಲ್ಲ ಅನ್ನೋದು ಹಾಗೇ ಉಳಿದಿತ್ತು. ಅವ್ವನ ಜೊತೆ ನಗ್ತೀನಿ, ಜಗಳ ಆಡ್ತೀನಿ, ಆಕೆ ಮಾಡಿದ ರೊಟ್ಟಿ ತಿಂತೀನಿ, ಆದರೆ ಆ ಬೆಳಗಿನ ಮಾತು ಮಾತ್ರ ನಾನೂ ಎತ್ತಿದವಳಲ್ಲ, ಆಕೆಯೂ ಎತ್ತಿದವಳಲ್ಲ.

ಸಿನಿಮಾದಲ್ಲಿ ಹುಡುಗಿ ಕೂರೋದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಎದ್ದು, ಬಾಸಿಂಗ ಬಿಚ್ಚಿಟ್ಟು, ಜನರ ನಡುವೆ ನಡೆದು ಹೊರಗೆ ಹೋಗುತ್ತಾಳೆ. ಇಡೀ ಸಿನಿಮಾ ಆ ಒಂದು ಸೀನಿನ ಕಡೆಗೇ ಹೋಗಬೇಕು ಅಂತ ಹರಿಹರದ ಆ ದಪ್ಪ ಕನ್ನಡಕದವನು ಬರೆದುಕೊಂಡು ಬಂದ. ಓದಿ ನಾನು ಗೋಣು ಹಾಕಿದೆ. ದುಡ್ಡು ಹೆಂಗೆ ಹೊಂದಿಸಿದೆ ಅನ್ನೋ ಪುರಾಣ ಇಲ್ಲಿ ಬ್ಯಾಡ, ಹೊಂದಿಸಿದೆ.

ಉಳಿದ ಸೀನ್‌ಗಳೆಲ್ಲ ಹೇಗೋ ಮುಗಿದವು. ಮದುವೆ ಸೀನಿಗೆ ಹರಿಹರದ ಒಂದು ಕಲ್ಯಾಣ ಮಂಟಪ ಸಿಕ್ಕಿತು, ಅದೂ ಎರಡು ಮದುವೆಗಳ ನಡುವೆ, ಒಂದೇ ಒಂದು ದಿನ. ಸಂಜೆ ಐದಕ್ಕೆ ಮುಂದಿನ ಮದುವೆಯ ಹೆಣ್ಣಿನ ಕಡೆಯವರು ಬಂದಿಳಿಯುತ್ತಾರೆ, ಅಷ್ಟರಲ್ಲಿ ಖಾಲಿ ಮಾಡಬೇಕು. ನಮ್ಮ ಹೀರೋಯಿನ್ ಕೂಡ ಅವತ್ತು ರಾತ್ರಿಯ ರೈಲಿಗೆ ಹೊರಡುವವಳು, ಮತ್ತೆ ಸಿಗುವವಳಲ್ಲ. ಬೆಂಗಳೂರಿನಿಂದ ನೂರಾರು ಜನ ನಟರನ್ನು ಕರೆಸುವ ಶಕ್ತಿ ನಮಗಿರಲಿಲ್ಲ. ಐವತ್ತು ಜನರನ್ನು ಕೂರಿಸಿ ಅದನ್ನು ಮದುವೆ ಅಂದರೆ ನನ್ನ ಕಸುಬಿಗೇ ಅವಮಾನ.

“ಜನ ತಾನೇ? ನಾನು ಕರೀತೀನಿ” ಅಂದೆ. ಬೆಳ್ಳಿ ಕುಂಕುಮದ ಬಟ್ಟಲು ತೊಳೆದು ಇಟ್ಟುಕೊಂಡೆ.

“ಶೂಟಿಂಗಿಗೆ ಯಾರಾದ್ರೂ ಕುಂಕುಮ ಕೊಟ್ಟು ಕರೀತಾರೇನೇ?” ಅಂದರು ನಮ್ಮನೆಯವರು.

“ವಾಟ್ಸಪ್ ಮೆಸೇಜ್ ನೋಡಿ ನೀವು ಯಾವ ಮದುವೆಗೆ ಹೋಗೀರಿ ಹೇಳ್ರಿ.”

ನಮ್ಮ ಕಡೆ ಕುಂಕುಮ ಹಚ್ಚಿ ಕರೆದರೆ ಬರಲೇಬೇಕು. ಮೈಯಲ್ಲಿ ಜ್ವರ ಇದ್ದರೂ ಮನೆಯಿಂದ ಒಬ್ಬರನ್ನಾದರೂ ಕಳಿಸಬೇಕು. ನಿಟ್ಟುವಳ್ಳಿಯಲ್ಲಿ ಬೀದಿ ಬೀದಿ ತಿರುಗಿದೆ. ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಗಿರಾಕಿಗಳ ಮನೆಗಳಿಗೆಲ್ಲ ಸ್ಕೂಟಿಯಲ್ಲಿ ಹೋಗಿ ಬಂದೆ. ಚಾಚಾ ತಮ್ಮ ಗಲ್ಲಿಯವರಿಗೆ ತಾವೇ ದಾವತ್ ಹೇಳಿದರು. ಪ್ರತಿ ಮನೆಯಲ್ಲೂ ಬಿಡಿಸಿ ಹೇಳಿದ್ದೆ: “ಇದು ಸಿನಿಮಾ ಮದುವೆ, ಬಂದು ಕೂತರೆ ಸಾಕು, ಊಟ ಐತೆ.” ಎಲ್ಲರೂ ತಲೆಯಾಡಿಸಿ ಹಣೆ ಒಡ್ಡಿದರು. ಲೋಕಿಕೆರೆಯಲ್ಲೂ ಎಲ್ಲ ಮನೆ ಆಯಿತು, ಒಂದು ಬಿಟ್ಟು.

“ಅಮ್ಮಾಜಾನ್‌ಗೆ ಹೇಳಿದ್ರಾ ಬೇಟಿ?” ಅಂತ ಟೆಂಪೋದಲ್ಲಿ ಕೂತಿದ್ದ ಚಾಚಾ ಕೇಳಿದರು.

“ಹೇಳ್ತೀನಿ ಬಿಡ್ರಿ ಚಾಚಾ, ಅವಸರ ಏನು.”

“ಊರೆಲ್ಲ ಕರ್ದು ತಾಯೀನ ಬಿಟ್ರೆ ಹೆಂಗೆ?” ಅಂದರು. ನನಗೆ ರೇಗಿತು. ರೇಗಿದ್ದು ಚಾಚಾ ಮೇಲಲ್ಲ.

ಅವ್ವನಿಗೆ ನಾನು ಸಿನಿಮಾ ಮಾಡೋದು ಮೊದಲಿಂದಲೂ ಸೇರಿರಲಿಲ್ಲ. ಕಥೆ ಏನು ಅಂತ ಕೇಳಿರಲಿಲ್ಲ, ನಾನು ಹೇಳಿರಲೂ ಇಲ್ಲ. ಈಗ ಯೋಚಿಸಿದರೆ ನನಗೆ ಬೇಕಾಗಿದ್ದು ಅದೊಂದೇ. ಸೀನು ಚೆನ್ನಾಗಿ ಬರಬೇಕಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅವ್ವ ಅದನ್ನು ಎದುರಿಗೆ ಕೂತು ನೋಡಬೇಕಿತ್ತು. ನೋಡಿ ಒಂದು ಮಾತು ಆಡಬೇಕಿತ್ತು. ಏನೂ ಆಡದೆ ಸೆರಗು ಕೊಡವಿ ಎದ್ದು ಹೋದರೆ ಏನು ಗತಿ ಅನ್ನೋ ಭಯಕ್ಕೇ ಆ ಮನೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ.

ಹೋದಾಗ ಅವ್ವ ಕಟ್ಟೆ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬಟ್ಟಲು ನೋಡಿದವಳೇ, “ಸುಳ್ಳು ಮದುವೆಗೆ ಖರೇ ಕುಂಕುಮ ತಂದೀಯಲ್ಲೇ, ನಾಚ್ಕೆ ಆಗಲ್ವಾ ನಿನಗೆ?” ಅಂದಳು.

“ಬರ್ತೀಯೋ ಇಲ್ಲೋ ಹೇಳು.”

“ತಂದ ಕುಂಕುಮ ವಾಪಸ್ ಕಳಿಸ್ತಾರಾ? ಹಚ್ಚು” ಅಂತ ಹಣೆ ಮುಂದೆ ಮಾಡಿದಳು. ನಾನು ಹಚ್ಚಿದೆ. “ಹುಡುಗಿ ಎಲ್ಲಿಯಾಕಿ?” ಅಂತ ಕೇಳಿದಳು.

“ಬೆಂಗಳೂರಿನಾಕಿ.”

“ಆಕಿಗೆ ಒಪ್ಗೆ ಐತಾ?” ಅಂತ ನಕ್ಕಳು. ತಮಾಷೆಗೆ ಕೇಳಿದ್ದು. ನಾನು ಬಟ್ಟಲು ಚೀಲಕ್ಕಿಟ್ಟೆ.

“ಬಂದು ನೋಡು” ಅಂದು ಹೊರಟುಬಿಟ್ಟೆ.

ಶೂಟಿಂಗ್ ದಿನ ಬೆಳಗ್ಗೆ ಒಂಬತ್ತಕ್ಕೆಲ್ಲ ಜನ ಬರಲು ಶುರು ಮಾಡಿದರು, ಬಸ್ಸಲ್ಲಿ, ಆಟೋದಲ್ಲಿ, ಟ್ರ್ಯಾಕ್ಟರಲ್ಲಿ. ರೇಷ್ಮೆ ಸೀರೆ ಏನು, ಇಸ್ತ್ರಿ ಮಾಡಿದ ಬಿಳಿ ಅಂಗಿ ಏನು! ಬಂದು ಕೂತರೆ ಸಾಕು ಅಂದಿದ್ದೆನಲ್ಲ, ಯಾರೂ ಬರಿಗೈಲಿ ಬಂದಿರಲಿಲ್ಲ. ಮುಯ್ಯಿಗೆ ಅಂತ ಸ್ಟೀಲ್ ಡಬ್ಬಿ, ಕುಬುಸದ ಖಣ, ಗೋಡೆ ಗಡಿಯಾರ ತಂದಿದ್ದರು. ಮೇಕಪ್ ಹಾಕಿಸಿಕೊಳ್ಳುತ್ತಿದ್ದ ಹೀರೋನ ಕೈಗೆ ಒಬ್ಬಾತ ಟೇಬಲ್ ಫ್ಯಾನ್ ಕೊಟ್ಟು, “ಯಾವೂರಾತು ಅಳಿಯಂದ್ರದ್ದು?” ಅಂತ ವಿಚಾರಿಸಿದ. ಹೀರೋ ತಬ್ಬಿಬ್ಬಾಗಿ ನನ್ನ ಮುಖ ನೋಡಿದ. “ಇಸ್ಕೊಳ್ರಿ, ಬೇಡ ಅಂದ್ರೆ ಬೇಜಾರಾಗ್ತಾರೆ” ಅಂದೆ.

ಎಂಟುನೂರು ಕುರ್ಚಿ ತುಂಬಿದವು. ಅವ್ವ ತನ್ನ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಬಂದು ಎರಡನೇ ಸಾಲಿನಲ್ಲಿ, ನಡುವಿನ ದಾರಿಯ ಪಕ್ಕದಲ್ಲಿ ಕೂತಳು. ನನ್ನ ಎದೆ ತುಂಬಿ ಬಂತು. ಕನ್ನಡಕದವನು ಮೊದಲು ಒಂದು ರಿಹರ್ಸಲ್ ಮಾಡೋಣ ಅಂದ. ಗಂಡು ಹೆಣ್ಣು ಕೂತರು. ವಾಲಗದವರಿಗೆ ಸನ್ನೆ ಮಾಡಿದ. ವಾಲಗದವರು ಕಸುಬಿನವರು, ಗಟ್ಟಿಮೇಳ ಬಾರಿಸಿಯೇಬಿಟ್ಟರು.

ಎಂಟುನೂರು ಜನ ಒಂದೇ ಸಲ ಎದ್ದು ಅಕ್ಕಿಕಾಳು ಎಸೆದರು. ಎಸೆದವರೇ ಊಟದ ಮನೆ ಕಡೆ ತಿರುಗಿದರು.

“ಕಟ್! ಕಟ್! ಕೂತ್ಕೊಳ್ರಿ!” ಅಂತ ಕನ್ನಡಕದವನು ಮೈಕಿನಲ್ಲಿ ಕೂಗಿದ. ಯಾರು ಕೇಳ್ತಾರೆ? ಅಕ್ಕಿಕಾಳು ಬಿದ್ದ ಮೇಲೂ ಕುರ್ಚಿಯಲ್ಲಿ ಕೂತಿರೋ ಜನ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಎರಡು ನಿಮಿಷದಲ್ಲಿ ಹಾಲಿನಲ್ಲಿ ಉಳಿದದ್ದು ಗಂಡು, ಹೆಣ್ಣು, ಕ್ಯಾಮೆರಾ ಮತ್ತು ನಮ್ಮ ಅಂಗಡಿಯ ಕುರ್ಚಿಗಳು. ನಾನು ಹಣೆ ಚಚ್ಚಿಕೊಂಡೆ. ಇಷ್ಟು ಮದುವೆ ಮಾಡಿಸಿದ ನಾನು, ಮದುವೆಗೆ ಕರೆದರೆ ಜನ ಮದುವೇನೇ ಮಾಡ್ತಾರೆ ಅನ್ನೋದನ್ನ ಮರೆತಿದ್ದೆ! ಸಿನಿಮಾ ಮದುವೆ ಅಂತ ಬಾಯಲ್ಲಿ ಎಷ್ಟು ಹೇಳಿದರೇನು, ಹಣೆಗೆ ಹಚ್ಚಿದ ಕುಂಕುಮ ಬೇರೆಯದೇ ಹೇಳಿತ್ತು.

ಊಟದ ಮನೆಗೆ ಓಡಿದರೆ ಮೊದಲ ಪಂಕ್ತಿ ಆಗಲೇ ಕೂತಾಗಿತ್ತು. ನಮ್ಮ ಅವ್ವ ನಡು ಬಗ್ಗಿಸಿ ಬಡಿಸುವವರ ಹಿಂದೆ ಓಡಾಡುತ್ತಾ, “ಎಣ್ಣೆಗಾಯಿ ಈ ಕಡೆ ಬಂದಿಲ್ಲ ನೋಡು” ಅನ್ನುತ್ತಿದ್ದಳು. ಉಣ್ಣುವವರನ್ನು ಎಬ್ಬಿಸುವ ಪಾಪ ಯಾರು ಕಟ್ಟಿಕೊಳ್ಳುತ್ತಾರೆ? ಮೂರು ಪಂಕ್ತಿ ಆಗುವ ಹೊತ್ತಿಗೆ ಎರಡೂವರೆ. ಉಂಡವರು ಕೈ ತೊಳೆದುಕೊಂಡು, “ಬರ್ತೀವಮ್ಮ, ಊಟ ಬಾಳ ಚಲೋ ಆತು” ಅಂತ ಗೇಟಿನ ಕಡೆ ನಡೆದರು. ಬೈಕುಗಳು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಕನ್ನಡಕದವನು ಮಂಟಪದ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತು, “ಮುಗೀತು ಅಕ್ಕ” ಅಂದ.

“ಏನ್ ಮುಗೀತು? ಎದ್ದೇಳೋ!” ಅಂದೆ. ಅವನಿಗೆ ಬೈಯುತ್ತಿದ್ದಾಗಲೇ ನನಗೆ ಹೊಳೆದದ್ದು: ನಮ್ಮ ಜನ ಉಂಡು ಎದ್ದು ಹೋಗುತ್ತಾರೆ, ಆದರೆ ತಾಂಬೂಲ ಕೊಡ್ತಾರೆ ಅಂದರೆ ತೆಗೆದುಕೊಳ್ಳದೆ ಹೋಗೋದಿಲ್ಲ. ನಾವು ತಾಂಬೂಲ ಇಟ್ಟೇ ಇರಲಿಲ್ಲ, ಹಾಗಾಗಿ ಇವರೂ ಹೊರಟಿದ್ದರು. ಅವನ ಕೈಯಿಂದ ಮೈಕು ಕಿತ್ತುಕೊಂಡೆ.

“ಯಾರೂ ಹೋಗಬ್ಯಾಡ್ರಿ! ತಾಂಬೂಲ ಇನ್ನೂ ಕೊಟ್ಟಿಲ್ಲ! ಒಂದು ಸಣ್ಣ ಸೀನು ಐತೆ, ಅದು ಮುಗಿದ ಕೂಡ್ಲೇ ಪ್ರತಿಯೊಬ್ಬರಿಗೂ ತೆಂಗಿನಕಾಯಿ, ಬ್ಲೌಸ್ ಪೀಸು!”

ಬೈಕುಗಳು ಒಂದೊಂದಾಗಿ ಆಫ್ ಆದವು. “ಗಂಡಸರಿಗೂ ಬ್ಲೌಸ್ ಪೀಸೇನಮ್ಮ?” ಅಂತ ಗೇಟಿನಿಂದ ಯಾರೋ ಕೂಗಿದರು.

“ಹೊಲಿಸ್ಕೊಳ್ರಿ, ಚೆನ್ನಾಗಿ ಕಾಣ್ತೀರಿ!” ಅಂದೆ. ಜನ ಹೋ ಅಂತ ನಕ್ಕು ವಾಪಸ್ ಬಂದರು.

ಮೈಕು ಕೆಳಗಿಟ್ಟು ಚಾಚಾನ ಕಡೆ ನೋಡಿದೆ. “ಬೇಟಿ, ಎಂಟುನೂರು ತೆಂಗಿನಕಾಯಿ ಎಲ್ಲೈತೆ?” ಅಂದರು. “ಹರಿಹರದ ಮಾರ್ಕೆಟ್‌ನಾಗ ಐತೆ ಚಾಚಾ, ಬ್ಲೌಸ್ ಪೀಸೂ ಅಲ್ಲೇ ಐತೆ, ತಗಂಬರ್ರಿ” ಅಂದೆ. “ಯಾ ಅಲ್ಲಾ” ಅಂತ ಟೆಂಪೋ ಹತ್ತಿದರು.

ಹೊಟ್ಟೆ ತುಂಬಿದ ಜನ ಕುರ್ಚಿಯಲ್ಲಿ ಕೂತು ತೂಕಡಿಸತೊಡಗಿದರು. ಮೂರೂ ಮುಕ್ಕಾಲು. ಕನ್ನಡಕದವನು ನನ್ನ ಕಿವಿಯಲ್ಲಿ, “ಹುಡುಗಿ ಎದ್ದು ಹೋಗ್ತಾಳೆ ಅಂತ ಜನಕ್ಕೆ ಹೇಳಬ್ಯಾಡ್ರಿ ಅಕ್ಕ, ಸುಮ್ನೆ ನೋಡ್ಲಿ” ಅಂದ. ನಾನು ಕಂಬದ ಮರೆಗೆ ನಿಂತೆ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಮಂಟಪ ಅಲ್ಲ, ಎರಡನೇ ಸಾಲಿನ ಹಸಿರು ಸೀರೆ.

ವಾಲಗ ಶುರುವಾಯಿತು. ಹುಡುಗ ತಾಳಿ ಕೈಗೆ ತೆಗೆದುಕೊಂಡ. ಹುಡುಗಿ ಎದ್ದಳು. ಬಾಸಿಂಗ ಬಿಚ್ಚಿ ಮಣೆಯ ಮೇಲಿಟ್ಟಳು. ಮೆಟ್ಟಿಲಿಳಿದು ನಡುವಿನ ದಾರಿಯಲ್ಲಿ ನಡೆದಳು. ತೂಕಡಿಸುತ್ತಿದ್ದವರೆಲ್ಲ ಕಣ್ಣು ಬಿಟ್ಟರು. ವಾಲಗದವರು ತಾವೇ ನಿಲ್ಲಿಸಿಬಿಟ್ಟರು. “ಅಯ್ಯೋ, ಯಾಕವ್ವ?” ಅಂದಳು ಯಾರೋ ಒಬ್ಬಳು.

ಆಗ ನಮ್ಮ ದೊಡ್ಡಪ್ಪನ ಮಗ ಎದ್ದುಬಿಟ್ಟ. ಆಳು ಆರಡಿ, ಗಿರಿಜಾ ಮೀಸೆ, ಊರಲ್ಲಿ ಯಾರ ಮದುವೆಯಾದರೂ ತಾನೇ ಯಜಮಾನ. ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತು, “ಏ ತಂಗಿ, ಎಲ್ಲಿಗೆ ಹೊಂಟಿ? ಕೂಡು ನಡಿ. ಜನ ಬಂದಾರೆ” ಅಂದ.

ನನ್ನ ಮದುವೆ ದಿನ ಅವ್ವ ಅಂದ ಅದೇ ಮಾತು. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕಥೆಯಲ್ಲೂ ಇರಲಿಲ್ಲ. ಹೀರೋಯಿನ್ ದಿಕ್ಕು ತೋಚದೆ ಅಲ್ಲೇ ನಿಂತಳು. ಕನ್ನಡಕದವನು ಕಟ್ ಅನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಎರಡನೇ ಸಾಲಿನ ಹಸಿರು ಸೀರೆ ಎದ್ದು ನಿಂತಿತು. ಅವ್ವ ದಾರಿಗೆ ಬಂದು, ಮೀಸೆಯವನ ಚಾಚಿದ ಕೈಯನ್ನು ಪಟ್ಟನೆ ಹೊಡೆದು ಇಳಿಸಿದಳು.

“ಸರಿಯೋ ಆ ಕಡೆ! ಆಕಿ ಬ್ಯಾಡ ಅಂತ ಎದ್ದಾಳೆ, ಕಾಣಲ್ವಾ? ಜನ ಬಂದಾರೆ, ಉಂಡಾರೆ, ಹೋಗ್ತಾರೆ. ಬಾಳೇವು ಮಾಡಾಕಿ ಆಕಿ.” ಆಮೇಲೆ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು, “ನೀ ನಡಿಯವ್ವ” ಅಂದಳು.

ಹುಡುಗಿ ನಡೆದಳು. ಬಾಗಿಲು ದಾಟಿ ಬಿಸಿಲಿಗೆ ಹೋದಳು. ಎಂಟುನೂರು ತಲೆ ಅವಳ ಹಿಂದೆಯೇ ಬಾಗಿಲ ಕಡೆ ತಿರುಗಿದವು.

ಕಟ್ ಅಂದ ಮೇಲೆ ಕ್ಯಾಮೆರಾದವನು ಗೊಣಗಿದ. ಅಜ್ಜಿ ಅಡ್ಡ ಬಂದರು, ಹೀರೋಯಿನ್ ಮುಖವೇ ಸಿಕ್ಕಿಲ್ಲ, ಇನ್ನೊಂದು ಟೇಕ್ ಬೇಕು ಅಂದ. ಗಂಟೆ ನಾಲ್ಕೂ ಕಾಲು, ಒಂದು ಟೇಕಿಗೆ ಸಮಯ ಇತ್ತು. ಎಲ್ಲರೂ ನನ್ನ ಮುಖ ನೋಡಿದರು. ಕ್ಯಾಮೆರಾ ಕೆಲಸದಲ್ಲಿ ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿದವಳಲ್ಲ.

“ಇನ್ನೊಂದು ಬ್ಯಾಡ. ಇದೇ ಇರ್ಲಿ” ಅಂದೆ.

“ಮೇಡಂ, ಹೀರೋಯಿನ್ ಮುಖ ಕಾಣಲ್ಲ.”

“ನಮ್ಮವ್ವನ ಬೆನ್ನು ಕಾಣ್ತೈತಲ್ಲ, ಸಾಕು. ಲೈಟ್ ಬಿಚ್ರಿ.”

ಕನ್ನಡಕದವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಅವತ್ತಿನಿಂದ ಇವತ್ತಿನವರೆಗೆ ನಾನು ನಾಲ್ಕು ಸಿನಿಮಾ ಮಾಡಿದ್ದೇನೆ, ನಾಲ್ಕಕ್ಕೂ ಅವನೇ ನಿರ್ದೇಶಕ.

ತೆಂಗಿನಕಾಯಿ ಟೆಂಪೋ ಬಂತು. ಚಾಚಾ ಬೆವರು ಒರೆಸಿಕೊಳ್ಳುತ್ತಾ ಹಂಚಲು ನಿಂತರು, ನಮ್ಮನೆಯವರು ಬ್ಲೌಸ್ ಪೀಸು ಕೊಟ್ಟರು. ಜನ ಹೀರೋಯಿನ್ ಹತ್ತಿರ ಹೋಗಿ, “ಚಲೋ ಮಾಡಿದಿ ಬಿಡವ್ವ” ಅಂದು, ತಾವು ಕೊಟ್ಟ ಮುಯ್ಯಿ ಮಾತ್ರ ವಾಪಸ್ ಕೇಳದೆ ಹೋದರು. ಬಾಗಿಲಲ್ಲಿ ಆಗಲೇ ಮುಂದಿನ ಮದುವೆಯ ಹೆಣ್ಣಿನ ಕಡೆಯವರು ಟ್ರಂಕು ಇಳಿಸುತ್ತಿದ್ದರು.

ಅವ್ವ ಹಿತ್ತಲ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಅವ್ವ, ಅದು ಸಿನಿಮಾ ಅನ್ನೋದನ್ನ ಮರ್ತುಬಿಟ್ಯಾ?”

“ಮರಿಯೋದೇನು? ಎದುರಿಗೆ ಅಷ್ಟು ದೊಡ್ಡ ಕ್ಯಾಮೆರಾ ಇಟ್ಟಿದ್ರಿ.”

“ಮತ್ತೆ ಯಾಕ ಎದ್ದೆ?”

ಅವ್ವ ನಲ್ಲಿ ನಿಲ್ಲಿಸಿದಳು. ಸೆರಗಿಗೆ ಒಂದೊಂದೇ ಕೈ ಒರೆಸಿಕೊಂಡಳು.

“ಅವತ್ತು ನಾ ಏಳ್ಲಿಲ್ಲಲ್ಲ, ಅದಕ್ಕೆ” ಅಂದಳು.

ನಾನು ಅಲ್ಲೇ, ಪಾತ್ರೆ ತೊಳೆಯುವವರ ಎದುರಿಗೇ, ಗೊಳೋ ಅಂತ ಅತ್ತೆ. “ಅಳಬ್ಯಾಡ, ಜನ...” ಅಂತ ಶುರು ಮಾಡಿದವಳು ತಡೆದುಕೊಂಡಳು. “ಅಳು, ನೋಡಿದ್ರೆ ನೋಡ್ಲಿ” ಅಂದು, ಅಂಗೈಯಿಂದಲೇ ನನ್ನ ಕೆನ್ನೆ ಒರೆಸಿದಳು. ಆಮೇಲೆ ಅದೇ ಕೈಯನ್ನು ನನ್ನ ಮುಂದೆ ಚಾಚಿದಳು.

“ನನ್ನ ತಾಂಬೂಲ ಎಲ್ಲೇ? ಕುಂಕುಮ ಕೊಟ್ಟು ಕರ್ದೀಯ, ಬರಿಗೈಲಿ ಕಳಿಸ್ತೀಯಾ?”